ಮೆಡಿಕಲ್ ಕೋಡಿಂಗ್, ಬಿಲ್ಲಿಂಗ್ ಕಲಿಯಬೇಕಾ? ಒಂದು ಚಾರ್ಟ್ ಹಿಡಿದು ಕೊನೆಯವರೆಗೆ ಹೋಗಿ

ರೋಗಿಯ ಚಾರ್ಟ್, ಅಂದರೆ ದಾಖಲೆ ಓದಿ, ಅದರಲ್ಲಿರುವ ಕಾಯಿಲೆ, ಚಿಕಿತ್ಸೆಗಳಿಗೆ ಕೋಡ್ ಹಾಕುವುದು ಮೆಡಿಕಲ್ ಕೋಡಿಂಗ್. ಆ ಕೋಡ್‌ಗಳನ್ನು ಇನ್ಶೂರೆನ್ಸ್ ಕಂಪನಿಗೆ ಕಳಿಸಿ ದುಡ್ಡು ತರಿಸುವುದು ಬಿಲ್ಲಿಂಗ್. ಇದನ್ನು ಕಲಿಯೋಣ ಅಂತ ಹೊರಟವರು ಹೆಚ್ಚಾಗಿ ಮೊದಲು ಮಾಡುವ ಕೆಲಸ ಏನು ಗೊತ್ತಾ? ಕೋಡ್‌ಗಳ ಪಟ್ಟಿ ಇಳಿಸಿಕೊಂಡು ಬಾಯಿಪಾಠಕ್ಕೆ ಕೂರುವುದು. ದಯವಿಟ್ಟು ಬೇಡ. ಅಮೆರಿಕದಲ್ಲಿ ಬಳಸುವ ಕಾಯಿಲೆಯ ಕೋಡ್‌ಗಳೇ 70 ಸಾವಿರಕ್ಕಿಂತ ಜಾಸ್ತಿ ಇವೆ, ಚಿಕಿತ್ಸೆಯ ಕೋಡ್‌ಗಳು ಬೇರೆ 10 ಸಾವಿರ ದಾಟುತ್ತವೆ, ಅದರ ಮೇಲೆ ಪ್ರತಿ ವರ್ಷ ಒಂದಷ್ಟು ಹೊಸದು ಬರುತ್ತವೆ, ಒಂದಷ್ಟು ಹಳೆಯದು ಹೋಗುತ್ತವೆ. ವರ್ಷಗಟ್ಟಲೆ ಇದೇ ಕೆಲಸ ಮಾಡಿದವರೂ ಪುಸ್ತಕ ಅಥವಾ ಸಾಫ್ಟ್‌ವೇರ್ ತೆರೆದೇ ಕೋಡ್ ಹಾಕುತ್ತಾರೆ. ನೀವು ಕಲಿಯಬೇಕಾದದ್ದು ಡಾಕ್ಟರ್ ಬರೆದದ್ದನ್ನು ಸರಿಯಾಗಿ ಓದುವುದು, ಆಮೇಲೆ ಪುಸ್ತಕದಲ್ಲಿ ಸರಿಯಾದ ಜಾಗಕ್ಕೆ ಹೋಗುವುದು.

ಇನ್ನೊಂದು ಮಾತು. ಕೋಡಿಂಗ್ ಬೇರೆ, ಬಿಲ್ಲಿಂಗ್ ಬೇರೆ ಅಂತ ಕೋರ್ಸ್‌ಗಳಲ್ಲಿ ಪಾಲು ಮಾಡಿ ಕಲಿಸುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಬೇರೆ ಬೇರೆ ಸೀಟಿನಲ್ಲಿ ಕೂರುವುದು ನಿಜ. ಆದರೆ ಕಲಿಯುವಾಗ ಎರಡನ್ನೂ ಒಟ್ಟಿಗೆ ಕಲಿಯುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ನೀವು ಹಾಕಿದ ಕೋಡ್‌ಗೆ ಇನ್ಶೂರೆನ್ಸ್ ಕಂಪನಿ ಯಾಕೆ ದುಡ್ಡು ಕೊಡಲಿಲ್ಲ ಅಂತ ನೋಡಿದಾಗಲೇ ಆ ಕೋಡಿನ ನಿಯಮ ತಲೆಗೆ ಹೋಗುವುದು. ಅದಕ್ಕೇ ಇಲ್ಲಿ ಒಬ್ಬ ಕಲ್ಪಿತ ರೋಗಿಯನ್ನು ಹಿಡಿದು ಕ್ಲಿನಿಕ್ಕಿನ ಬಾಗಿಲಿನಿಂದ ದುಡ್ಡು ಬರುವವರೆಗೆ ಹೋಗೋಣ. ಇಲ್ಲಿ ಹೇಳುವುದೆಲ್ಲ ಅಮೆರಿಕದ ಪದ್ಧತಿ, ಯಾಕೆಂದರೆ ನಮ್ಮ ದೇಶದಲ್ಲಿ ಕೂತು ಈ ಕೆಲಸ ಮಾಡುವವರಿಗೆ ಬಹುಪಾಲು ಅಲ್ಲಿಯ ಆಸ್ಪತ್ರೆಗಳ ಚಾರ್ಟ್‌ಗಳೇ ಕೈಗೆ ಬರುವುದು.

ಮೊದಲು ಪುಸ್ತಕಗಳು

ಮೂರು ಪುಸ್ತಕ. ಒಂದೊಂದೂ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ.

ರೋಗಿ ಯಾಕೆ ಬಂದ ಅನ್ನುವುದಕ್ಕೆ ಐಸಿಡಿ-10-ಸಿಎಂ. ಅಮೆರಿಕದಲ್ಲಿ ಇದು ಜಾರಿಗೆ ಬಂದದ್ದು 2015ರ ಅಕ್ಟೋಬರ್ 1ರಂದು, ಅದಕ್ಕೆ ಮುಂಚೆ ಐಸಿಡಿ-9 ಇತ್ತು. ಕೋಡ್ ಒಂದು ಅಕ್ಷರದಿಂದ ಶುರುವಾಗುತ್ತದೆ, ಕಡಿಮೆ ಅಂದರೆ 3, ಜಾಸ್ತಿ ಅಂದರೆ 7 ಸ್ಥಾನ. ಮೂರನೆಯದರ ನಂತರ ಚುಕ್ಕಿ. ಬಿಪಿಗೆ ಐ10, ತೊಂದರೆಗಳಿಲ್ಲದ ಟೈಪ್ 2 ಸಕ್ಕರೆ ಕಾಯಿಲೆಗೆ ಇ11.9, ಹೀಗೆ.

ಡಾಕ್ಟರ್ ಏನು ಮಾಡಿದರು ಅನ್ನುವುದಕ್ಕೆ ಸಿಪಿಟಿ. ಐದು ಅಂಕಿಯ ಕೋಡ್‌ಗಳು. ಇದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಸ್ವತ್ತು, 1966ರಿಂದ ಅವರೇ ಹೊರತರುತ್ತಿದ್ದಾರೆ. ಐಸಿಡಿ ಪಟ್ಟಿ ಮತ್ತು ಅದರ ನಿಯಮಾವಳಿ ಸರ್ಕಾರಿ ತಾಣಗಳಲ್ಲಿ ಪುಕ್ಕಟೆ ಸಿಗುತ್ತದೆ, ಸಿಪಿಟಿ ಹಾಗಲ್ಲ, ದುಡ್ಡು ಕೊಟ್ಟು ಕೊಳ್ಳಬೇಕು.

ಔಷಧಿ, ಗಾಲಿಕುರ್ಚಿ, ಆಂಬುಲೆನ್ಸ್ ಇಂಥವಕ್ಕೆ ಎಚ್‌ಸಿಪಿಸಿಎಸ್ ಲೆವೆಲ್ 2. ಈ ಕೆಲಸದವರು ಇದನ್ನು ‘ಹಿಕ್‌ಪಿಕ್ಸ್’ ಅಂತಾರೆ. ಒಂದು ಅಕ್ಷರ, ನಾಲ್ಕು ಅಂಕಿ. ಇಲ್ಲಿ ಕೋಡ್ ಹುಡುಕುವುದಕ್ಕಿಂತ ಯೂನಿಟ್ ಲೆಕ್ಕ ಮುಖ್ಯ. ಸೆಫ್‌ಟ್ರಯಾಕ್ಸೋನ್ ಇಂಜೆಕ್ಷನ್‌ಗೆ ಜೆ0696, ಅದು 250 ಮಿಲಿಗ್ರಾಂಗೆ ಒಂದು ಯೂನಿಟ್. ಒಂದು ಗ್ರಾಂ ಕೊಟ್ಟರೆ 4 ಯೂನಿಟ್ ಹಾಕಬೇಕು. ಒಂದು ಅಂತ ಹಾಕಿಬಿಟ್ಟರೆ ಮುಕ್ಕಾಲು ಪಾಲು ದುಡ್ಡು ಹೋಯಿತು, ಅದಕ್ಕೆ ಯಾರೂ ಡಿನಯಲ್ (ದುಡ್ಡು ಕೊಡುವುದಿಲ್ಲ ಅನ್ನುವ ಉತ್ತರ) ಕೂಡ ಕಳಿಸುವುದಿಲ್ಲ, ಸುಮ್ನೆ ಕಡಿಮೆ ಬರುತ್ತದೆ ಅಷ್ಟೆ.

ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರ ಆಪರೇಷನ್‌ಗಳಿಗೆ ಆಸ್ಪತ್ರೆಯ ಬಿಲ್‌ನಲ್ಲಿ ಐಸಿಡಿ-10-ಪಿಸಿಎಸ್ ಅಂತ ನಾಲ್ಕನೆಯದೊಂದಿದೆ. ಏಳು ಸ್ಥಾನಗಳನ್ನು ಟೇಬಲ್ ನೋಡಿ ಕಟ್ಟುವ ಕೋಡ್ ಅದು. ಈಗಲೇ ಅದರ ತಂಟೆಗೆ ಹೋಗಬೇಡಿ.

ದೇಹದ ಪಾಠ ತಪ್ಪಿಸಲು ಆಗದು

ಅನಾಟಮಿ ಬಿಟ್ಟು ಕೋಡಿಂಗ್ ಇಲ್ಲ. ಡಾಕ್ಟರ್ ಆಗುವಷ್ಟು ಬೇಡ, ಆದರೆ ರೇಡಿಯಸ್ ಮೂಳೆ ಎಲ್ಲಿದೆ, ಡಿಸ್ಟಲ್ ಅಂದರೆ ಯಾವ ತುದಿ, ಪಿತ್ತಕೋಶದ ನಾಳ ಎಲ್ಲಿ ಹೋಗಿ ಸೇರುತ್ತದೆ ಇಷ್ಟು ಗೊತ್ತಿರಬೇಕು. ಪದಗಳ ಬಾಲ ಕಲಿತರೆ ಅರ್ಧ ಕೆಲಸ ಮುಗಿಯಿತು: ‘ಐಟಿಸ್’ ಇದ್ದರೆ ಉರಿಯೂತ, ‘ಎಕ್ಟಮಿ’ ಇದ್ದರೆ ಕತ್ತರಿಸಿ ತೆಗೆದದ್ದು, ‘ಆಟಮಿ’ ಇದ್ದರೆ ಕೊಯ್ದದ್ದು, ‘ಆಸ್ಟಮಿ’ ಇದ್ದರೆ ಹೊರಕ್ಕೆ ದಾರಿ ಮಾಡಿದ್ದು. ಒಂದೊಂದು ಅಂಗವ್ಯೂಹಕ್ಕೆ ಒಂದೊಂದು ವಾರ ಇಟ್ಟುಕೊಳ್ಳಿ, ಆ ವಾರ ಐಸಿಡಿ ಪುಸ್ತಕದ ಅದೇ ಅಧ್ಯಾಯವನ್ನೂ ತಿರುವಿ ಹಾಕಿ. ಎರಡೂ ಜೊತೆಗೆ ಹೋದರೆ ಮರೆಯುವುದಿಲ್ಲ.

ಈಗ ಚಾರ್ಟ್

ಹೀಗೊಂದು ಚಾರ್ಟ್ ಇದೆ ಅಂತ ಇಟ್ಟುಕೊಳ್ಳಿ. 52 ವರ್ಷದ ಹೆಂಗಸು, ಇದೇ ಡಾಕ್ಟರ್ ಹತ್ತಿರ ಹೋದ ವರ್ಷವೂ ಬಂದಿದ್ದರು. ತರಕಾರಿ ಹೆಚ್ಚುವಾಗ ಅಡುಗೆಮನೆಯ ಚಾಕು ತಗುಲಿ ಬಲಗೈಯ ಅಂಗೈ ಕೊಯ್ದುಕೊಂಡಿದ್ದಾರೆ. ಗಾಯ 3 ಸೆಂಟಿಮೀಟರ್, ಒಳಗೆ ಏನೂ ಸಿಕ್ಕಿಕೊಂಡಿಲ್ಲ. ಲೋಕಲ್ ಅನಸ್ತೇಶಿಯಾ ಕೊಟ್ಟು, ತೊಳೆದು, ಒಂದೇ ಪದರದಲ್ಲಿ ಹೊಲಿಗೆ ಹಾಕಿದರು. ಧನುರ್ವಾಯು ಬರದಂತೆ ಟಿಡ್ಯಾಪ್ ಲಸಿಕೆ ಕೊಟ್ಟರು. ಆಮೇಲೆ ಡಾಕ್ಟರ್ ಅವರ ಬಿಪಿ ವಿಚಾರವನ್ನೂ ತೆಗೆದುಕೊಂಡರು. ಮಾತ್ರೆ ತಗೊಳ್ಳುತ್ತಿದ್ದರೂ ಬಿಪಿ ಹತೋಟಿಗೆ ಬಂದಿಲ್ಲ, ಹೋದ ತಿಂಗಳಿನ ಮನೆಯ ರೀಡಿಂಗ್‌ಗಳನ್ನು ನೋಡಿ ಡೋಸ್ ಜಾಸ್ತಿ ಮಾಡಿದರು.

ಪೆನ್ಸಿಲ್ ಹಿಡಿದು ಓದಿ. ಕಾಯಿಲೆ ಅನ್ನಿಸಿದ್ದರ ಕೆಳಗೆ ಒಂದು ಗೆರೆ, ಮಾಡಿದ ಕೆಲಸ ಅನ್ನಿಸಿದ್ದರ ಸುತ್ತ ಒಂದು ವೃತ್ತ. ಮೊದಲ ತಿಂಗಳು ಇಷ್ಟನ್ನೇ ಅಭ್ಯಾಸ ಮಾಡಿದರೂ ನಷ್ಟವಿಲ್ಲ. ಇಲ್ಲಿ ಗೆರೆ ಬೀಳುವುದು ಗಾಯಕ್ಕೆ, ಬಿಪಿಗೆ. ವೃತ್ತ ಬೀಳುವುದು ಹೊಲಿಗೆಗೆ, ಲಸಿಕೆಗೆ, ಬಿಪಿ ಬಗ್ಗೆ ಡಾಕ್ಟರ್ ಯೋಚಿಸಿ ಮಾಡಿದ ತೀರ್ಮಾನಕ್ಕೆ. ಅನಸ್ತೇಶಿಯಾಕ್ಕೆ ವೃತ್ತ ಹಾಕಿದ್ದರೆ ಅಳಿಸಿ, ಕಾರಣ ಮುಂದೆ ಹೇಳುತ್ತೇನೆ.

ಕಾಯಿಲೆಯ ಕೋಡ್ ಹುಡುಕುವುದು

ಐಸಿಡಿ ಪುಸ್ತಕದಲ್ಲಿ ಎರಡು ಭಾಗ. ಹಿಂದೆ ಅಥವಾ ಮುಂದೆ ಅಕಾರಾದಿ ಸೂಚಿ, ಇನ್ನೊಂದು ಕೋಡ್‌ಗಳ ಕ್ರಮದಲ್ಲಿರುವ ಟ್ಯಾಬ್ಯುಲರ್ ಪಟ್ಟಿ. ಸೂಚಿಯಲ್ಲಿ ಹುಡುಕಬೇಕು, ಟ್ಯಾಬ್ಯುಲರ್‌ನಲ್ಲಿ ಖಾತ್ರಿ ಮಾಡಿಕೊಳ್ಳಬೇಕು. ಸೂಚಿಯಿಂದಲೇ ನೇರ ಕೋಡ್ ಎತ್ತಿ ಹಾಕಿದಿರೋ ಕೆಟ್ಟಿತು.

ನೋಡಿ ಹೇಗೆ ಅಂತ. ಸೂಚಿಯಲ್ಲಿ ‘ಲ್ಯಾಸರೇಶನ್’ ತೆಗೆಯಿರಿ, ಅದರಡಿ ‘ಹ್ಯಾಂಡ್’, ಅದರಡಿ ‘ರೈಟ್’. ಎಸ್61.411 ಸಿಗುತ್ತದೆ. ಸಿಕ್ಕಿತಲ್ಲ ಅಂತ ಬರೆದುಕೊಂಡು ಎದ್ದು ಹೋದರೆ ಕ್ಲೇಮ್, ಅಂದರೆ ಇನ್ಶೂರೆನ್ಸ್ ಕಂಪನಿಗೆ ಕಳಿಸಿದ ಬಿಲ್, ವಾಪಸ್ ಬರುತ್ತದೆ. ಟ್ಯಾಬ್ಯುಲರ್‌ನಲ್ಲಿ ಎಸ್61ರ ತಲೆಯಲ್ಲೇ ಏಳನೆಯ ಅಕ್ಷರ ಸೇರಿಸಬೇಕು ಅಂತ ಬರೆದಿದೆ, ಗಾಯಕ್ಕೆ ಸೋಂಕು ತಗುಲಿದ್ದರೆ ಅದರ ಕೋಡನ್ನೂ ಹಾಕಿ ಅಂತಲೂ ಬರೆದಿದೆ. ಏಳನೆಯದು ಎ, ಡಿ, ಎಸ್ ಈ ಮೂರರಲ್ಲಿ ಒಂದು. ಎ ಅಂದರೆ ಗಾಯಕ್ಕೆ ಈಗ ಚಿಕಿತ್ಸೆ ನಡೆಯುತ್ತಿದೆ, ಡಿ ಅಂದರೆ ವಾಸಿಯಾಗುವ ಹಂತದ ನೋಡಿಕೊಳ್ಳುವಿಕೆ, ಎಸ್ ಅಂದರೆ ಹಳೆಯ ಗಾಯದಿಂದ ಉಳಿದ ತೊಂದರೆ. ಎ ಅಂದರೆ ಮೊದಲ ಸಲ ಬಂದದ್ದು ಅಂತ ತುಂಬ ಜನ ತಿಳಿದಿದ್ದಾರೆ, ಹಾಗಲ್ಲ. ಎರಡನೇ ಡಾಕ್ಟರ್ ಆದರೂ, ಮೂರನೇ ಭೇಟಿ ಆದರೂ ಚಿಕಿತ್ಸೆ ಇನ್ನೂ ನಡೆಯುತ್ತಿದ್ದರೆ ಎ ಕೋಡೇ. ನಮ್ಮ ರೋಗಿಗೆ ಎಸ್61.411ಎ. ಮುಂದೆ ಹೊಲಿಗೆ ಬಿಚ್ಚಿಸಲು ಬಂದಾಗ ಎಸ್61.411ಡಿ.

ಹೇಗೆ ಪೆಟ್ಟಾಯಿತು ಅನ್ನುವುದಕ್ಕೂ ಕೋಡ್ ಇದೆ. ಚಾಕು ತಗುಲಿದ್ದಕ್ಕೆ ಡಬ್ಲ್ಯು26.0ಎಕ್ಸ್‌ಎಕ್ಸ್‌ಎ. ಮಧ್ಯದ ಎರಡು ಎಕ್ಸ್ ಜಾಗ ತುಂಬಿಸಲು ಇರುವುದು, ಏಳನೆಯ ಅಕ್ಷರ ಏಳನೆಯ ಸ್ಥಾನದಲ್ಲೇ ಕೂರಬೇಕಲ್ಲ, ಅದಕ್ಕೆ. ಅಡುಗೆಗೆ ತಯಾರಿ ಮಾಡುತ್ತಿದ್ದರು ಅನ್ನುವುದಕ್ಕೂ ವೈ93.ಜಿ1 ಅಂತ ಒಂದಿದೆ! ಇವು ಎಲ್ಲ ಕಡೆ ಕಡ್ಡಾಯ ಅಲ್ಲ, ರಾಜ್ಯ ಅಥವಾ ಪೇಯರ್ (ದುಡ್ಡು ಕೊಡುವ ಇನ್ಶೂರೆನ್ಸ್ ಸಂಸ್ಥೆ) ಕೇಳಿದರೆ ಹಾಕಬೇಕು, ಹಾಕಿದರೂ ಮೊದಲ ಸ್ಥಾನದಲ್ಲಿ ಮಾತ್ರ ಯಾವತ್ತೂ ಬರುವಂತಿಲ್ಲ. ಬಿಪಿಗೆ ಐ10, ಲಸಿಕೆಗೆ ಝಡ್23.

ಇಲ್ಲಿ ಒಂದು ನಿಯಮವನ್ನು ಗೋಡೆಗೆ ಅಂಟಿಸಿಕೊಳ್ಳಿ. ಹೊರರೋಗಿಯ ಚಾರ್ಟ್‌ನಲ್ಲಿ ಡಾಕ್ಟರ್ ‘ಇರಬಹುದು’, ‘ಅನುಮಾನ’, ‘ರೂಲ್ ಔಟ್’ ಅಂತ ಬರೆದ ಕಾಯಿಲೆಗೆ ಕೋಡ್ ಹಾಕುವಂತಿಲ್ಲ. ನ್ಯುಮೋನಿಯಾ ಇರಬಹುದು ಅಂತ ಬರೆದಿದ್ದರೆ ನ್ಯುಮೋನಿಯಾ ಕೋಡ್ ಬೇಡ, ಕೆಮ್ಮು, ಜ್ವರ ಇದ್ದರೆ ಅವುಗಳ ಕೋಡ್ ಹಾಕಿ. ಯೋಚಿಸಿ, ಇನ್ನೂ ಗೊತ್ತಿಲ್ಲದ ಕಾಯಿಲೆ ಒಬ್ಬರ ದಾಖಲೆಯಲ್ಲಿ ಶಾಶ್ವತವಾಗಿ ಕೂತರೆ ಅವರ ಗತಿ ಏನು? ಆದರೆ ಅಡ್ಮಿಟ್ ಆಗಿ ಡಿಸ್‌ಚಾರ್ಜ್ ಆಗುವಾಗ ಅದೇ ಮಾತು ಬರೆದಿದ್ದರೆ, ಆಸ್ಪತ್ರೆಯ ಕೋಡರ್ ಆ ಕಾಯಿಲೆ ಇದೆ ಅಂತಲೇ ಹಾಕಬಹುದು. ಒಂದೇ ಮಾತು, ಎರಡು ಕಡೆ ಎರಡು ನಿಯಮ. ಎಚ್‌ಐವಿಯಂಥ ಕೆಲವಕ್ಕೆ ಮಾತ್ರ ಎಲ್ಲಿದ್ದರೂ ಖಚಿತವಾಗಿರಲೇಬೇಕು.

ಇನ್ನೊಂದು ಕಡೆ ಪುಸ್ತಕವೇ ನಿಮ್ಮ ಪರವಾಗಿ ಊಹೆ ಮಾಡುತ್ತದೆ. ಬಿಪಿಯೂ ಇದೆ, ಹಾರ್ಟ್ ಫೇಲ್ಯೂರ್ ಕೂಡ ಇದೆ ಅಂತಿದ್ದರೆ, ಡಾಕ್ಟರ್ ಸಂಬಂಧ ಇಲ್ಲ ಅಂತ ಬರೆಯದ ಹೊರತು ಎರಡಕ್ಕೂ ನಂಟಿದೆ ಅಂತಲೇ ಲೆಕ್ಕ. ಐ10 ಹಾಕುವಂತಿಲ್ಲ, ಐ11.0 ಮೊದಲು, ಅದರ ಹಿಂದೆ ಐ50ರ ಕೋಡ್. ಟ್ಯಾಬ್ಯುಲರ್‌ನಲ್ಲಿ ‘ಎಕ್ಸ್‌ಕ್ಲೂಡ್ಸ್ 1’ ಕಂಡರೆ ಆ ಎರಡು ಕೋಡ್ ಸಾಮಾನ್ಯವಾಗಿ ಜೊತೆಗೆ ಬರುವಂತಿಲ್ಲ, ಟೈಪ್ 1 ಮತ್ತು ಟೈಪ್ 2 ಸಕ್ಕರೆ ಕಾಯಿಲೆಯ ಹಾಗೆ. ‘ಎಕ್ಸ್‌ಕ್ಲೂಡ್ಸ್ 2’ ಕಂಡರೆ ಅದು ಇದರಲ್ಲಿ ಸೇರಿಲ್ಲ, ರೋಗಿಗೆ ಎರಡೂ ಇದ್ದರೆ ಎರಡನ್ನೂ ಹಾಕಬಹುದು. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಂಥ ಸಣ್ಣ ಅಕ್ಷರಗಳಲ್ಲೇ.

ಚಿಕಿತ್ಸೆಯ ಕೋಡ್

ಹೊಲಿಗೆಗೆ ಬನ್ನಿ. ಸಿಪಿಟಿಯಲ್ಲಿ ಹೊಲಿಗೆಗೆ ಮೂರು ವಿಷಯ ಬೇಕು: ಎಷ್ಟು ಆಳದ ಹೊಲಿಗೆ, ದೇಹದ ಯಾವ ಭಾಗ, ಎಷ್ಟು ಉದ್ದ. ಒಂದೇ ಪದರ ಅಂದರೆ ಸಿಂಪಲ್. ಕೈ ಬರುವುದು ತಲೆ, ಕುತ್ತಿಗೆ, ಮುಂಡ, ಕೈಕಾಲುಗಳ ಗುಂಪಿನಲ್ಲಿ. 2.5 ಸೆಂಟಿಮೀಟರ್‌ವರೆಗೆ 12001, 2.6ರಿಂದ 7.5ರವರೆಗೆ 12002. ನಮ್ಮದು 3, ಹಾಗಾಗಿ 12002.

ಅದೇ ರೋಗಿಗೆ ಮುಂಗೈಯಲ್ಲೂ 2 ಸೆಂಟಿಮೀಟರ್ ಗಾಯ ಇದ್ದು ಅದಕ್ಕೂ ಸಿಂಪಲ್ ಹೊಲಿಗೆ ಹಾಕಿದ್ದರೆ? ಎರಡು ಕೋಡ್ ಅಲ್ಲ. ಒಂದೇ ಗುಂಪು, ಒಂದೇ ಬಗೆ, ಆದ್ದರಿಂದ ಉದ್ದ ಕೂಡಿಸಬೇಕು: 5 ಸೆಂಟಿಮೀಟರ್, ಆಗಲೂ 12002 ಒಂದೇ. ಗಾಯ ಮುಖದ ಮೇಲಿದ್ದರೆ ಗುಂಪು ಬೇರೆ, ಕೋಡ್ ಬೇರೆ. ಚರ್ಮದ ಕೆಳಗಿನ ಪದರಕ್ಕೂ ಹೊಲಿಗೆ ಹಾಕಿದ್ದರೆ ಅದು ಇಂಟರ್‌ಮೀಡಿಯೆಟ್, ಅಲ್ಲಿ ಕೈ ಹಸ್ತದ ಗುಂಪೇ ಬದಲಾಗಿ ಕುತ್ತಿಗೆ ಮತ್ತು ಪಾದದ ಜೊತೆ ಹೋಗುತ್ತದೆ, 3 ಸೆಂಟಿಮೀಟರ್‌ಗೆ 12042. ಬರೀ ಅಂಟುಪಟ್ಟಿ ಹಾಕಿ ಕಳಿಸಿದ್ದರೆ ಹೊಲಿಗೆ ಕೋಡೇ ಇಲ್ಲ.

ಉದ್ದವನ್ನೇ ಡಾಕ್ಟರ್ ಬರೆದಿಲ್ಲ ಅಂದರೆ ಏನು ಮಾಡುತ್ತೀರಿ? ‘ಅಂಗೈ ಗಾಯ ಅಲ್ವಾ, 3 ಇರಬಹುದು’ ಅಂತ ನೀವು ಹಾಕುವಂತಿಲ್ಲ. ಡಾಕ್ಟರ್‌ಗೆ ಕ್ವೆರಿ ಕಳಿಸಬೇಕು. ಕ್ವೆರಿಯಲ್ಲೂ ‘3 ಸೆಂಟಿಮೀಟರ್ ಅಂತ ಬರೆಯಬಹುದಾ’ ಅಂತ ಉತ್ತರ ಬಾಯಿಗಿಡಬಾರದು, ‘ಗಾಯದ ಉದ್ದ ದಯವಿಟ್ಟು ದಾಖಲಿಸಿ’ ಅಷ್ಟೇ. ಚಾರ್ಟ್‌ನಲ್ಲಿ ಇಲ್ಲದ್ದು ನಡೆದೇ ಇಲ್ಲ ಅಂತ ಕೋಡರ್ ನಂಬಿರಬೇಕು.

ಅನಸ್ತೇಶಿಯಾದ ಮಾತು ಬಾಕಿ ಇತ್ತು. ಲೋಕಲ್ ಅನಸ್ತೇಶಿಯಾ ಸರ್ಜರಿ ಕೋಡಿನ ಒಳಗೇ ಸೇರಿದೆ, ಬೇರೆಯಾಗಿ ಬಿಲ್ ಮಾಡುವಂತಿಲ್ಲ. ಮಾಮೂಲಿ ತೊಳೆಯುವುದೂ ಅಷ್ಟೇ. ಇದನ್ನು ಬಂಡ್ಲಿಂಗ್ ಅಂತಾರೆ. ಯಾವುದರೊಳಗೆ ಯಾವುದು ಸೇರಿದೆ ಅನ್ನುವ ಜೋಡಿಗಳ ಪಟ್ಟಿಯನ್ನು ಎನ್‌ಸಿಸಿಐ ಅನ್ನುವ ಹೆಸರಿನಲ್ಲಿ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗೆ ಅಮೆರಿಕ ಸರ್ಕಾರ ಕೊಡುವ ಇನ್ಶೂರೆನ್ಸ್) ನಡೆಸುವ ಸಿಎಂಎಸ್ ಸಂಸ್ಥೆ ಪುಕ್ಕಟೆ ಪ್ರಕಟಿಸುತ್ತದೆ. ಕಲಿಯುವವರು ಇದನ್ನು ಓದುವುದೇ ಇಲ್ಲ, ಅದೇ ನನಗೆ ಆಶ್ಚರ್ಯ.

ಲಸಿಕೆಗೆ ಎರಡು ಕೋಡ್, ಮದ್ದಿಗೊಂದು, ಚುಚ್ಚಿದ್ದಕ್ಕೊಂದು: 90715 ಮತ್ತು 90471.

ಇನ್ನು ಬಿಪಿ. ಇದು ಇ ಆಂಡ್ ಎಂ, ಅಂದರೆ ಡಾಕ್ಟರ್ ನೋಡಿ, ಯೋಚಿಸಿ, ತೀರ್ಮಾನಿಸಿದ್ದಕ್ಕೆ ಕೊಡುವ ಕೋಡ್. ಮೂರು ವರ್ಷದೊಳಗೆ ಅದೇ ಡಾಕ್ಟರ್ ಅಥವಾ ಅದೇ ಗುಂಪಿನ ಅದೇ ವಿಭಾಗದವರು ನೋಡಿದ್ದರೆ ರೋಗಿ ಹಳಬರು, 99211ರಿಂದ 99215. ಇಲ್ಲದಿದ್ದರೆ ಹೊಸಬರು, 99202ರಿಂದ 99205. 99201 ಅನ್ನುವುದನ್ನು 2021ರಲ್ಲಿ ತೆಗೆದುಹಾಕಿದರು, ಹಳೆಯ ನೋಟ್ಸ್‌ನಲ್ಲಿ ಕಂಡರೆ ಆ ನೋಟ್ಸೇ ಬಿಡಿ. ಅದೇ ವರ್ಷದಿಂದ ಕ್ಲಿನಿಕ್ ಭೇಟಿಗಳ ಮಟ್ಟ ಆರಿಸಲು ಎರಡೇ ದಾರಿ: ಡಾಕ್ಟರ್ ಆ ದಿನ ಕೊಟ್ಟ ಒಟ್ಟು ಸಮಯ, ಇಲ್ಲವೇ ತೀರ್ಮಾನದ ಕಷ್ಟ.

ತೀರ್ಮಾನದ ಕಷ್ಟಕ್ಕೆ ಮೂರು ಕಂಬ: ಸಮಸ್ಯೆ ಎಂಥದ್ದು, ಎಷ್ಟು ಮಾಹಿತಿ ನೋಡಿದರು, ಅಪಾಯ ಎಷ್ಟು. ಮೂರರಲ್ಲಿ ಎರಡು ಆ ಮಟ್ಟ ಮುಟ್ಟಬೇಕು. ಇಲ್ಲಿ ಹೊಸಬರು ಹೆಚ್ಚಾಗಿ 99213 ಹಾಕುತ್ತಾರೆ, ‘ಬರೀ ಬಿಪಿ ತಾನೇ’ ಅಂತ. ಸರಿಯಾಗಿ ನೋಡಿ. ಬಿಪಿ ಗುರಿಗೆ ಬಂದಿಲ್ಲ, ಅಂದರೆ ಸ್ಥಿರವಾಗಿಲ್ಲದ ದೀರ್ಘಕಾಲದ ಕಾಯಿಲೆ, ಅದು ಮಾಡರೇಟ್. ಔಷಧಿ ಬದಲಿಸಿದರು, ಅಪಾಯದ ಕಂಬದಲ್ಲಿ ಅದೂ ಮಾಡರೇಟ್. ಎರಡು ಕಂಬ ಸಿಕ್ಕಿತು, 99214. ಬಿಪಿ ಹತೋಟಿಯಲ್ಲಿದ್ದು ಅದೇ ಮಾತ್ರೆ ಮುಂದುವರಿಸಿದ್ದರೆ ಮಾತ್ರ ಸಮಸ್ಯೆಯ ಕಂಬ ಕೆಳಗಿಳಿದು 99213 ಆಗುತ್ತಿತ್ತು. ಕಡಿಮೆ ಹಾಕಿದರೆ ಸೇಫ್ ಅಂತ ಒಂದು ನಂಬಿಕೆ ಇದೆ. ಅದು ಸೇಫ್ ಅಲ್ಲ, ತಪ್ಪು ಕೋಡ್.

ಮಾಡಿಫೈಯರ್ 25

ಹೊಲಿಗೆ ಹಾಕಿದ ದಿನವೇ 99214 ಕೂಡ ಕಳಿಸಿದರೆ ಪೇಯರ್‌ನ ಕಂಪ್ಯೂಟರ್ ಒಂದನ್ನು ಕಡಿದುಹಾಕುತ್ತದೆ. ಹೊಲಿಗೆಗೆ ಮುಂಚೆ ಗಾಯ ನೋಡುವುದು ಹೊಲಿಗೆ ಕೋಡಿನಲ್ಲೇ ಇದೆ ಅನ್ನುವುದು ಅವರ ವಾದ, ಅದು ಸರಿ ಕೂಡ. ಆದರೆ ಇಲ್ಲಿ ಡಾಕ್ಟರ್ ಬಿಪಿ ಅನ್ನುವ ಬೇರೆಯದೇ ಕೆಲಸ ಮಾಡಿದ್ದಾರೆ. ಅದನ್ನು ಹೇಳಲು ಕೋಡಿನ ಬಾಲಕ್ಕೆ ಮಾಡಿಫೈಯರ್ ಅನ್ನುವ ಪುಟ್ಟ ಗುರುತು ಸೇರಿಸುತ್ತಾರೆ: 99214-25. ಚಾರ್ಟ್‌ನಲ್ಲಿ ಬಿಪಿ ಮಾತೇ ಇಲ್ಲದೆ ಬರೀ ಗಾಯ ಇದ್ದಿದ್ದರೆ 25 ಹಾಕಿ ದುಡ್ಡು ಕೇಳುವುದು ಮೋಸ.

ಇಂಥ ಮಾಡಿಫೈಯರ್ ಇನ್ನೂ ಇವೆ: ಎಡಕ್ಕೆ ಎಲ್‌ಟಿ, ಬಲಕ್ಕೆ ಆರ್‌ಟಿ, ಎರಡೂ ಕಡೆಗೆ 50, ಎಕ್ಸ್‌ರೇ ಓದಿದ ಡಾಕ್ಟರ್‌ಗೆ 26, ಯಂತ್ರದ ಪಾಲಿಗೆ ಟಿಸಿ, ಬಂಡಲ್ ಆಗುವ ಎರಡು ಕೆಲಸ ನಿಜವಾಗಿಯೂ ಬೇರೆ ಬೇರೆ ಆಗಿದ್ದರೆ 59. ಕೊನೆಯದನ್ನು ಡಿನಯಲ್ ಬಂದಾಗೆಲ್ಲ ಅಂಟಿಸುವ ಚಾಳಿ ಕೆಲವರಿಗಿದೆ. ಆಡಿಟ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದೂ ಅದೇ.

ಕ್ಲೇಮ್ ತಯಾರಿ

ವಾಸ್ತವದಲ್ಲಿ ಬಿಲ್ಲಿಂಗ್ ಶುರುವಾಗುವುದು ರೋಗಿ ಬರುವ ಮುಂಚೆ. ಪಾಲಿಸಿ ಚಾಲ್ತಿಯಲ್ಲಿದೆಯಾ, ಡಿಡಕ್ಟಬಲ್ (ಇನ್ಶೂರೆನ್ಸ್ ಕೊಡುವ ಮುಂಚೆ ರೋಗಿಯೇ ಕೈಯಿಂದ ಕೊಡಬೇಕಾದ ಮೊತ್ತ) ಎಷ್ಟು ಬಾಕಿ, ಈ ಕೆಲಸಕ್ಕೆ ಮೊದಲೇ ಆಥರೈಸೇಶನ್ (ಪೇಯರ್ ಒಪ್ಪಿಗೆ) ಬೇಕಾ, ಇದೆಲ್ಲ ಫ್ರಂಟ್ ಡೆಸ್ಕ್‌ನಲ್ಲೇ ನೋಡಬೇಕು. ಎರಡು ಇನ್ಶೂರೆನ್ಸ್ ಇದ್ದರೆ ಯಾರು ಮೊದಲು ಅನ್ನುವುದಕ್ಕೂ ನಿಯಮಗಳಿವೆ. ಅಪ್ಪ ಅಮ್ಮ ಇಬ್ಬರ ಪಾಲಿಸಿಯಲ್ಲೂ ಇರುವ ಮಗುವಿಗೆ, ವರ್ಷದಲ್ಲಿ ಯಾರ ಹುಟ್ಟುಹಬ್ಬದ ತಾರೀಕು ಮೊದಲು ಬರುತ್ತದೋ ಅವರದ್ದು ಸಾಮಾನ್ಯವಾಗಿ ಪ್ರೈಮರಿ. ವಯಸ್ಸಿನಲ್ಲಿ ಯಾರು ದೊಡ್ಡವರು ಅನ್ನುವುದು ಲೆಕ್ಕಕ್ಕಿಲ್ಲ.

ಡಾಕ್ಟರ್‌ಗಳ ಬಿಲ್ ಹೋಗುವುದು ಸಿಎಂಎಸ್-1500 ಫಾರಂನಲ್ಲಿ, ಆಸ್ಪತ್ರೆಯದು ಯುಬಿ-04ರಲ್ಲಿ. ಕಂಪ್ಯೂಟರ್‌ನಲ್ಲಿ ಕಳಿಸಿದರೆ ಅವೇ 837ಪಿ ಮತ್ತು 837ಐ. 1500 ಫಾರಂನ ಖಾಲಿ ಪ್ರತಿ ಇಳಿಸಿಕೊಂಡು ಕೈಯಲ್ಲೇ ತುಂಬಿ ನೋಡಿ, ಸಾಫ್ಟ್‌ವೇರ್ ಕಲಿಸದ್ದು ಅದು ಕಲಿಸುತ್ತದೆ. 33 ಬಾಕ್ಸ್ ಇವೆ. 21ನೇ ಬಾಕ್ಸ್‌ನಲ್ಲಿ 12 ಕಾಯಿಲೆ ಕೋಡ್‌ವರೆಗೆ ಜಾಗ, ಎ ಇಂದ ಎಲ್ ತನಕ ಗುರುತು. 24ರಲ್ಲಿ ಆರು ಸಾಲು, ಮಾಡಿದ ಕೆಲಸಗಳಿಗೆ.

ನಮ್ಮ ರೋಗಿಯದು: ಎ ಜಾಗದಲ್ಲಿ ಗಾಯ, ಬಿ ಜಾಗದಲ್ಲಿ ಐ10, ಸಿ ಜಾಗದಲ್ಲಿ ಝಡ್23, ಆಮೇಲೆ ಚಾಕು ಮತ್ತು ಅಡುಗೆಯ ಕೋಡ್‌ಗಳು. ಈಗ 24ಇ ಅನ್ನುವ ಪುಟ್ಟ ಜಾಗ ಇದೆ ನೋಡಿ, ಇಡೀ ಫಾರಂನ ಜೀವ ಅಲ್ಲಿದೆ. ಯಾವ ಕೆಲಸ ಯಾವ ಕಾಯಿಲೆಗೆ ಅನ್ನುವುದನ್ನು ಅಲ್ಲಿ ತೋರಿಸಬೇಕು. 12002 ಎದುರು ಎ. 99214-25 ಎದುರು ಬಿ. ಲಸಿಕೆಯ ಎರಡೂ ಸಾಲಿಗೆ ಸಿ. 99214ರ ಎದುರು ಎ ಅಂತ ಹಾಕಿಬಿಟ್ಟರೆ, ಕೋಡ್‌ಗಳೆಲ್ಲ ಸರಿಯಿದ್ದೂ, ಬಿಪಿಗಾಗಿ ಮಾಡಿದ ಕೆಲಸ ಗಾಯಕ್ಕೆ ಮಾಡಿದ ಹಾಗೆ ಕಾಣುತ್ತದೆ. 25 ಹಾಕಿದ್ದೂ ದಂಡ.

ಕ್ಲೇಮ್ ಕ್ಲಿಯರಿಂಗ್‌ಹೌಸ್ ಅನ್ನುವ ಮಧ್ಯವರ್ತಿ ಸಂಸ್ಥೆಯ ಮೂಲಕ ಹೋಗುತ್ತದೆ. ಅಲ್ಲೇ ತಡೆದು ವಾಪಸ್ ಕಳಿಸಿದರೆ ಅದು ರಿಜೆಕ್ಷನ್, ಹೆಸರಿನ ಸ್ಪೆಲಿಂಗೋ ಐಡಿ ನಂಬರೋ ತಪ್ಪಿರುತ್ತದೆ, ತಿದ್ದಿ ಮತ್ತೆ ಕಳಿಸಿದರಾಯಿತು. ಪೇಯರ್ ಒಳಗೆ ತೆಗೆದುಕೊಂಡು, ನೋಡಿ, ಕೊಡುವುದಿಲ್ಲ ಅಂದರೆ ಅದು ಡಿನಯಲ್. ಅದನ್ನು ಹೊಸ ಕ್ಲೇಮ್ ಅಂತ ಸುಮ್ನೆ ಮತ್ತೆ ಕಳಿಸಿದರೆ ಡೂಪ್ಲಿಕೇಟ್ ಅಂತ ಇನ್ನೊಂದು ಡಿನಯಲ್ ಬರುತ್ತದೆ.

ದುಡ್ಡಿನ ಲೆಕ್ಕ

ಪೇಯರ್‌ನಿಂದ ಬರುವ ವಿವರದ ಹೆಸರು ಇಆರ್‌ಎ, ಅಥವಾ 835. ಅದನ್ನು ಓದಲು ಬಂದರೆ ಬಿಲ್ಲಿಂಗ್ ಅರ್ಧ ಬಂದ ಹಾಗೆ. ಉದಾಹರಣೆಗೆ ನಾನೇ ಕಲ್ಪಿಸಿದ ಅಂಕಿ ತಗೊಳ್ಳಿ. 99214ಕ್ಕೆ ಕ್ಲಿನಿಕ್ ಹಾಕಿದ್ದು 200 ಡಾಲರ್. ಕರಾರಿನ ಪ್ರಕಾರ ಪೇಯರ್ ಒಪ್ಪಿದ ದರ 120. ಮಿಕ್ಕ 80ರ ಎದುರು ಸಿಒ-45 ಅಂತ ಇರುತ್ತದೆ, ಅದನ್ನು ಮರೆತುಬಿಡಬೇಕು, ರೋಗಿಯಿಂದ ಕೇಳುವಂತಿಲ್ಲ. ರೋಗಿಯ ಡಿಡಕ್ಟಬಲ್ ಇನ್ನೂ 50 ಬಾಕಿ ಇತ್ತು, ಅದು ಪಿಆರ್-1. ಉಳಿದ 70ರಲ್ಲಿ ಶೇಕಡಾ 20 ಕೋಇನ್ಶೂರೆನ್ಸ್, ಅಂದರೆ ರೋಗಿ ಕೊಡಬೇಕಾದ ಪಾಲು, 14 ಡಾಲರ್, ಪಿಆರ್-2. ಪೇಯರ್ ಕೊಟ್ಟದ್ದು 56. ಕೂಡಿಸಿ: 80, 50, 14, 56, ಒಟ್ಟು 200. ಒಂದೊಂದು ಸಾಲೂ ಹೀಗೆ ತಾಳೆಯಾಗಬೇಕು, ಆಗದಿದ್ದರೆ ಎಲ್ಲೋ ಏನೋ ಲೆಕ್ಕಕ್ಕೆ ಏರಿಸುವಾಗ ಬಿಟ್ಟುಹೋಗಿದೆ.

ಸಿಒ ಇದ್ದರೆ ರೋಗಿಗೆ ಬಿಲ್ ಕಳಿಸುವಂತಿಲ್ಲ, ಪಿಆರ್ ಇದ್ದರೆ ಕಳಿಸಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಇದು ಬಳಕೆಗೆ ಬರುತ್ತದೆ.

ಡಿನಯಲ್ ಬಂದಾಗ

ಮೊದಲು ಅದರ ಜೊತೆ ಬಂದ ಕಾರಣದ ನಂಬರ್ ಓದಿ, ಆಮೇಲೆ ಚಾರ್ಟ್ ತೆಗೆಯಿರಿ. 16 ಅಂದರೆ ಮಾಹಿತಿ ಕೊರತೆ. ಯಾವ ಮಾಹಿತಿ ಅನ್ನುವುದನ್ನು ಪಕ್ಕದ ರಿಮಾರ್ಕ್ ಕೋಡ್ ಹೇಳುತ್ತದೆ, ಅದನ್ನು ನೋಡದೆ ಪೇಯರ್‌ಗೆ ಫೋನ್ ಹಾಕಬೇಡಿ. 22 ಅಂದರೆ ಬೇರೆ ಇನ್ಶೂರೆನ್ಸ್ ಮೊದಲು ಕೊಡಬೇಕು. 29 ಅಂದರೆ ಗಡುವು ಮೀರಿದೆ. ಮೆಡಿಕೇರ್‌ಗೆ ಚಿಕಿತ್ಸೆಯ ದಿನದಿಂದ ಒಂದು ವರ್ಷ ಇದೆ, ಖಾಸಗಿ ಕಂಪನಿಗಳಲ್ಲಿ ಕೆಲವು 90 ದಿನಕ್ಕೇ ಬಾಗಿಲು ಹಾಕುತ್ತವೆ. 197 ಅಂದರೆ ಆಥರೈಸೇಶನ್ ಇಲ್ಲ. ಇವೆಲ್ಲ ಬಿಲ್ಲಿಂಗ್‌ನವರ ತಲೆನೋವು.

ಕೋಡರ್‌ಗೆ ಸೇರಿದ್ದು 11, 50, 97. 11 ಅಂದರೆ ಕಾಯಿಲೆಗೂ ಕೆಲಸಕ್ಕೂ ಹೊಂದುತ್ತಿಲ್ಲ, ಮೊದಲು 24ಇ ನೋಡಿ. 97 ಅಂದರೆ ಬಂಡಲ್ ಆಗಿದೆ, ಎನ್‌ಸಿಸಿಐ ಪಟ್ಟಿ ನೋಡಿ, ಚಾರ್ಟ್ ಸಮರ್ಥಿಸಿದರೆ ಮಾತ್ರ ಮಾಡಿಫೈಯರ್ ಸೇರಿಸಿ. 50 ಅಂದರೆ ವೈದ್ಯಕೀಯವಾಗಿ ಅಗತ್ಯ ಇರಲಿಲ್ಲ ಅನ್ನುವುದು. ಇಲ್ಲಿ ಜಗಳ ಜೋರು. ಮೆಡಿಕೇರ್ ಯಾವ ಪರೀಕ್ಷೆಯನ್ನು ಯಾವ ಕಾಯಿಲೆಗೆ ಒಪ್ಪುತ್ತದೆ ಅನ್ನುವ ನಿಯಮಗಳನ್ನು ಎನ್‌ಸಿಡಿ, ಎಲ್‌ಸಿಡಿ ಅನ್ನುವ ಹೆಸರಿನಲ್ಲಿ ಪ್ರಕಟಿಸುತ್ತದೆ. ಪಟ್ಟಿಯಲ್ಲಿರುವ ಕಾಯಿಲೆ ಚಾರ್ಟ್‌ನಲ್ಲೂ ಇದ್ದು ನೀವು ಬಿಟ್ಟಿದ್ದರೆ ಸೇರಿಸಿ ತಿದ್ದಬಹುದು. ಚಾರ್ಟ್‌ನಲ್ಲಿ ಇಲ್ಲದೆ, ಪಟ್ಟಿಯಲ್ಲಿದೆ ಅಂತ ತಂದು ಹಾಕುವುದು ಅಪರಾಧ, ಅಷ್ಟೇ ಸರಳ. ಅಮೆರಿಕದ ಫಾಲ್ಸ್ ಕ್ಲೇಮ್ಸ್ ಆಕ್ಟ್ 1863ರದ್ದು. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಕಳಪೆ ಸಾಮಾನು ಮಾರಿದವರನ್ನು ಹಿಡಿಯಲು ಮಾಡಿದ ಕಾನೂನು, ಈಗ ಸುಳ್ಳು ಮೆಡಿಕಲ್ ಬಿಲ್‌ಗಳಿಗೂ ಅದೇ ಅನ್ವಯ, ಸರ್ಕಾರಕ್ಕಾದ ನಷ್ಟದ ಮೂರು ಪಟ್ಟು ವಸೂಲಿ ಮಾಡಬಹುದು. ‘ಮೇಲಿನವರು ಹೇಳಿದರು’ ಅಂತ ಕೋಡ್ ಏರಿಸಬೇಡಿ.

ಖಾಸಗಿ ಪೇಯರ್‌ಗೆ ತಿದ್ದಿದ ಕ್ಲೇಮ್ ಕಳಿಸುವಾಗ 22ನೇ ಬಾಕ್ಸ್‌ನಲ್ಲಿ 7 ಅಂತ ಹಾಕಿ ಹಳೆಯ ಕ್ಲೇಮ್ ನಂಬರ್ ಕೊಡಿ. ಕ್ಲೇಮ್ ಸರಿಯೇ ಇದೆ, ಪೇಯರ್‌ದೇ ತಪ್ಪು ಅನ್ನಿಸಿದರೆ ಅಪೀಲ್. ಮೆಡಿಕೇರ್‌ನಲ್ಲಿ ಐದು ಹಂತ ಇವೆ, ಮೊದಲನೆಯದಕ್ಕೆ 120 ದಿನ. ಅಪೀಲ್ ಪತ್ರದಲ್ಲಿ ಕೋಪ ಬೇಡ. ಚಾರ್ಟ್‌ನ ಯಾವ ಸಾಲು ಯಾವ ನಿಯಮವನ್ನು ಪೂರೈಸುತ್ತದೆ ಅಂತ ತೋರಿಸಿ, ಆ ಪುಟ ಲಗತ್ತಿಸಿ.

ಅಭ್ಯಾಸ, ಪರೀಕ್ಷೆ

ಅಭ್ಯಾಸಕ್ಕೆ ಅಂತ ನಿಜವಾದ ರೋಗಿಯ ದಾಖಲೆಯನ್ನು ಫೋನ್‌ನಲ್ಲಿ ಫೋಟೋ ತೆಗೆದುಕೊಂಡು ಗ್ರೂಪ್‌ಗೆ ಹಾಕುವವರಿದ್ದಾರೆ. ರೋಗಿಯ ಮಾಹಿತಿಯನ್ನು ಗುಟ್ಟಾಗಿಡಬೇಕು ಅನ್ನುವ 1996ರ ಹಿಪಾ ಕಾನೂನಿನ ಪ್ರಕಾರ ಕೆಲಸ ಹೋಗುವಷ್ಟು ದೊಡ್ಡ ತಪ್ಪು ಅದು. ಹೆಸರು, ಗುರುತು ತೆಗೆದ ಅಭ್ಯಾಸದ ಚಾರ್ಟ್‌ಗಳು ಪುಸ್ತಕಗಳಲ್ಲಿ ಬೇಕಾದಷ್ಟು ಸಿಗುತ್ತವೆ. ದಿನಕ್ಕೆ ಐದೇ ಚಾರ್ಟ್ ಮಾಡಿ ಸಾಕು, ಆದರೆ ಪ್ರತಿ ಕೋಡಿನ ಪಕ್ಕ ಚಾರ್ಟ್‌ನ ಯಾವ ಮಾತಿನಿಂದ ಅದು ಬಂತು ಅಂತ ಬರೆಯಿರಿ. ಬರೆಯಲು ಮಾತು ಸಿಗದ ಕೋಡ್ ನಿಮ್ಮ ಊಹೆ.

ಡಾಕ್ಟರ್‌ಗಳ ಕಡೆಯ ಕೋಡಿಂಗ್‌ಗೆ ಎಎಪಿಸಿ ಸಂಸ್ಥೆಯ ಸಿಪಿಸಿ ಪರೀಕ್ಷೆ ಹೆಚ್ಚು ಚಾಲ್ತಿಯಲ್ಲಿದೆ: 100 ಪ್ರಶ್ನೆ, 4 ಗಂಟೆ, ಪಾಸಾಗಲು ಶೇಕಡಾ 70. ಪುಸ್ತಕ ನೋಡಿ ಬರೆಯಬಹುದು. ಪುಸ್ತಕ ಇದೆಯಲ್ಲ ಅಂತ ಹಗುರವಾಗಿ ತಗೊಂಡವರಿಗೆ ಸಮಯ ಸಾಲುವುದಿಲ್ಲ, ಒಂದು ಪ್ರಶ್ನೆಗೆ ಎರಡೂವರೆ ನಿಮಿಷ ಸಹ ಇಲ್ಲ. ಮೊದಲೇ ಟ್ಯಾಬ್ ಅಂಟಿಸಿ, ಗೈಡ್‌ಲೈನ್‌ಗಳಿಗೆ ಬಣ್ಣ ಹಚ್ಚಿ, ಗಡಿಯಾರ ಇಟ್ಟುಕೊಂಡೇ ಅಭ್ಯಾಸ ಮಾಡಿ. ಅನುಭವ ಇಲ್ಲದೆ ಪಾಸಾದರೆ ಹೆಸರಿನ ಮುಂದೆ ಸಿಪಿಸಿ-ಎ ಅಂತ ಬರುತ್ತದೆ, ಅಪ್ರೆಂಟಿಸ್ ಅಂತ. ಆಸ್ಪತ್ರೆಯ ಕಡೆ ಹೋಗುವ ಮನಸ್ಸಿದ್ದರೆ ಅಹಿಮಾ ಸಂಸ್ಥೆಯ ಸಿಸಿಎಸ್ ಇದೆ, ಆದರೆ ಅದು ಎರಡನೇ ಪರೀಕ್ಷೆಯಾಗಿರಲಿ.

ಪುಸ್ತಕ ಕೊಳ್ಳುವಾಗ ವರ್ಷ ನೋಡಿ. ಅಗ್ಗಕ್ಕೆ ಸಿಗುವ ಹಳೆಯ ಸಿಪಿಟಿ ಓದಿ ಕಲಿಯಲು ಪರವಾಗಿಲ್ಲ, ಪರೀಕ್ಷೆಗೆ ಬೇಡ. ಐಸಿಡಿ ಬದಲಾಗುವುದು ಮುಖ್ಯವಾಗಿ ಅಕ್ಟೋಬರ್ 1ಕ್ಕೆ, ಸಿಪಿಟಿ ಜನವರಿ 1ಕ್ಕೆ. ಯಾವ ವರ್ಷದ ಕೋಡ್ ಅನ್ನುವುದನ್ನು ತೀರ್ಮಾನಿಸುವುದು ಚಿಕಿತ್ಸೆ ಕೊಟ್ಟ ದಿನ, ನೀವು ಕೂತು ಕೋಡ್ ಹಾಕಿದ ದಿನ ಅಲ್ಲ. ಸೆಪ್ಟೆಂಬರ್ 30ರಂದು ಕ್ಲಿನಿಕ್ಕಿಗೆ ಬಂದವರ ಚಾರ್ಟ್ ಅಕ್ಟೋಬರ್ 6ಕ್ಕೆ ನಿಮ್ಮ ಕೈಗೆ ಬಂದರೆ ಹಳೆಯ ಪುಸ್ತಕವನ್ನೇ ತೆರೆಯಬೇಕು. ಅಡ್ಮಿಟ್ ಆದವರಿಗೆ ಮಾತ್ರ ಡಿಸ್‌ಚಾರ್ಜ್ ತಾರೀಕು ಲೆಕ್ಕ. ಅದಕ್ಕೇ ಅಕ್ಟೋಬರ್ ಬಂತು ಅಂತ ಹಳೆಯ ಐಸಿಡಿಯನ್ನು ರದ್ದಿಗೆ ಹಾಕಬೇಡಿ, ಬಾಕಿ ಚಾರ್ಟ್ ಮುಗಿಯುವ ತನಕವಾದರೂ ಮೇಜಿನ ಮೇಲೆ ಇರಲಿ.